ಪವಿಯನ್ನು ಕುಣಿಗಲ್‌ನಲ್ಲಿ ಬಿಟ್ಟ ವರ್ಷ

ಹೋದ ತಿಂಗಳು ತುಮಕೂರಿನಲ್ಲಿ ಒಂದು ಸರ್ಕಾರಿ ಸಭೆಗೆ ಸನ್ನೆ ಭಾಷೆಯ ದುಭಾಷಿಯಾಗಿ ಹೋಗಿದ್ದೆ. ಅದು ನನ್ನ ಕೆಲಸ. ವೇದಿಕೆಯ ಮೇಲಿನವರು ಆಡಿದ್ದನ್ನು ಕಿವಿ ಕೇಳಿಸದವರಿಗೆ ಕೈಯಲ್ಲಿ ಹೇಳುತ್ತೇನೆ, ಅವರು ಕೈಯಲ್ಲಿ ಹೇಳಿದ್ದನ್ನು ಮಿಕ್ಕವರಿಗೆ ಬಾಯಲ್ಲಿ ಹೇಳುತ್ತೇನೆ. ಸಭೆ ಮುಗಿಸಿ ಶಿರಾ ಗೇಟ್ ಹತ್ತಿರ ಆಟೊ ಇಳಿದು ರಸ್ತೆ ದಾಟಲು ನಿಂತಾಗ ಪಕ್ಕದ ಅಂಗಡಿಯಿಂದ ವಾರ್ನಿಷ್ ವಾಸನೆ ಬಂತು. ಸುಟ್ಟುಹೋದ ಮೋಟಾರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹುಯ್ದು, ಬಲ್ಬಿನ ಕಾವಿನಲ್ಲಿ ಒಣಗಿಸುವಾಗ ಬರುವ ವಾಸನೆ. ಗುಬ್ಬಿಯಲ್ಲಿ ನಮ್ಮಪ್ಪನದೂ ಅಂಥದೇ ಮೋಟಾರ್ ವೈಂಡಿಂಗ್ ಅಂಗಡಿ. ನಾನು, ನನ್ನ ತಂಗಿ ಪವಿತ್ರ ಆ ವಾಸನೆಯಲ್ಲೇ ಬೆಳೆದವರು. ತಲೆಯೆತ್ತಿ ನೋಡಿದೆ. ಅದೇ ಕಟ್ಟಡ, ಮೇಲಕ್ಕೆ ಹೋಗುವ ಅದೇ ಕಿರಿದಾದ ಮೆಟ್ಟಿಲು. ನಾಲ್ಕು ವರ್ಷದ ಹಿಂದೆ, ಶಾಲೆ ಹುಡುಕಿಕೊಂಡು ನಾವಿಬ್ಬರೂ ಮೊದಲು ಹತ್ತಿದ ಮೆಟ್ಟಿಲು ಅದು.

ಆಗ ನನಗೆ ಇಪ್ಪತ್ತೊಂದು, ಪವಿಗೆ ಹದಿನೆಂಟು. ಎರಡು ವರ್ಷದವಳಿದ್ದಾಗ ಜ್ವರ ಬಂದು ಅವಳ ಕಿವಿ ಹೋಗಿತ್ತು. ಆರನೇ ವಯಸ್ಸಿಗೆ ಅಮ್ಮ ಅವಳನ್ನು ಕಿವುಡ ಮಕ್ಕಳ ಶಾಲೆಯ ಹಾಸ್ಟೆಲಿಗೆ ಸೇರಿಸಿದಳು. ಮೂರನೇ ದಿನಕ್ಕೆ ಮೈ ಕೆಂಡವಾಯಿತೆಂದು ಸುದ್ದಿ ಬಂತು. ಅಪ್ಪ ಹೋಗಿ ಹೆಗಲ ಮೇಲೆ ಹೊತ್ತು ತಂದರು. ಮತ್ತೆ ಕಳಿಸಲಿಲ್ಲ. ಊರಿನ ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ನಾಲ್ಕು ವರ್ಷ ಕೂತಳು, ಆಮೇಲೆ ಅದೂ ನಿಂತಿತು. ಅವಳಿಗೆ ಇದ್ದದ್ದು ನಾನು. ಅವಳ ಕಿವಿ ಹೋದಾಗಿನಿಂದ ನಾವಿಬ್ಬರೂ ಕೈಯಲ್ಲೇ ಮಾತಾಡಿಕೊಂಡವರು. ಆ ಸನ್ನೆಗಳನ್ನು ಯಾರೂ ನಮಗೆ ಕಲಿಸಲಿಲ್ಲ. ಗಾಳಿಯಲ್ಲಿ ತಂತಿ ಸುತ್ತಿದರೆ ಅಪ್ಪ. ಜಡೆ ಎಳೆದಂತೆ ಮಾಡಿದರೆ ನಾನು. ಸಿಟ್ಟು, ನಾಚಿಕೆ, ಪಕ್ಕದ ಮನೆಯವರ ಜಗಳ, ಟೀವಿಯಲ್ಲಿ ಬಂದ ಕತೆ, ಎಲ್ಲಕ್ಕೂ ನಮ್ಮ ಹತ್ತಿರ ಕೈ ಇತ್ತು. ಅಪ್ಪ ಅಮ್ಮನಿಗೆ ಊಟ, ನೀರು, ಬಾ, ಹೋಗು ಅಷ್ಟೇ ಗೊತ್ತಿದ್ದದ್ದು. ಮಿಕ್ಕಿದ್ದನ್ನು ನನ್ನನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು.

ಇದೂ ಒಂದು ಉದ್ಯೋಗ ಎಂದು ನನಗೆ ಗೊತ್ತಾದದ್ದು ಆ ವರ್ಷದ ಏಪ್ರಿಲ್‌ನಲ್ಲಿ. ಪವಿಯ ಅಂಗವಿಕಲರ ಕಾರ್ಡು ಮಾಡಿಸಲು ತುಮಕೂರಿನ ಕ್ಯಾಂಪಿಗೆ ಹೋಗಿದ್ದೆವು. ಅಲ್ಲಿ ದುಭಾಷಿಯಾಗಿ ಬಂದಿದ್ದ ಹೆಂಗಸೊಬ್ಬರು ಪವಿಯನ್ನು ಮಾತಾಡಿಸಲು ನೋಡಿ ಸೋತರು. ನಾನು ನಡುವೆ ನಿಂತು ಹೇಳಿದೆ. ಅವರು ನನ್ನನ್ನು ಪಕ್ಕಕ್ಕೆ ಕರೆದು, "ನೀವು ಟ್ರೈನಿಂಗ್ ತಗೊಳಿ. ಕೈಯಲ್ಲಿ ಇಷ್ಟು ಸಲೀಸಾಗಿ ಮಾತಾಡೋರು ಸಿಗಲ್ಲ. ಕೋರ್ಟು, ಆಸ್ಪತ್ರೆ, ಎಲ್ಲಾ ಕಡೆ ಜನ ಬೇಕು" ಎಂದರು. ಬಿ.ಎ. ಕೊನೆಯ ಪರೀಕ್ಷೆ ಎದುರಿಗಿತ್ತು. ಮುಂದೇನು ಎಂದು ಕೇಳುವವರಿಗೆ ಹೇಳಲು ನನ್ನಲ್ಲಿ ಅದುವರೆಗೆ ಏನೂ ಇರಲಿಲ್ಲ. ಆ ದಿನದಿಂದ ಇತ್ತು.

ಶಿರಾ ಗೇಟಿನ ಆ ಮಹಡಿಯಲ್ಲಿ ಸ್ಪೋಕನ್ ಇಂಗ್ಲಿಷ್, ಟ್ಯಾಲಿ, ಸೈನ್ ಲಾಂಗ್ವೇಜ್ ಎಂದು ಬೋರ್ಡು ಹಾಕಿದ್ದರು. ಮೂರು ತಿಂಗಳಿಗೆ ಸರ್ಟಿಫಿಕೇಟ್. ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರಬಹುದು ಎಂಬ ಆಸೆಯಿಂದ ಹತ್ತಿದೆವು. ಟೇಬಲ್ ಹಿಂದಿದ್ದವನು ಪವಿಯನ್ನು ನೋಡಿ ಎರಡೂ ಕೈ ಬೀಸಿ ಹಾಯ್ ಅಂದ.

"ಪಾಠ ಮಾಡೋರು ಯಾರು ಸಾರ್?"

"ನಾನೇ ಮೇಡಂ. ಯೂಟ್ಯೂಬ್ ಮೆಟೀರಿಯಲ್ ಎಲ್ಲಾ ರೆಡಿ ಐತೆ. ಚಾರ್ಟ್ ಕೊಡ್ತೀವಿ."

ಕೆಳಗಿಳಿದು ಬಂದ ಮೇಲೆ ಪವಿ ಅವನು ಕೈ ಬೀಸಿದ್ದನ್ನು ನಕಲು ಮಾಡಿದಳು. ಫುಟ್‌ಪಾತಿನಲ್ಲಿ ನಿಂತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾವು ಹಾಗೆ ನಕ್ಕಿದ್ದು ಅದೇ ಕೊನೆಯಿರಬೇಕು.

ಜೂನ್ ಮೊದಲ ವಾರ ಗುಬ್ಬಿಯಿಂದ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಅಲ್ಲಿ ಎರಡು ವರ್ಷದ ಕೋರ್ಸ್ ನಡೆಸುವ ಒಂದು ಚಿಕ್ಕ ಶಾಲೆ ಇತ್ತು. ಹಳೇ ಕಟ್ಟಡ, ಸೋರಿದ ಗೋಡೆ. ಮೇಲೆ ದುಭಾಷಿಗಳ ತರಗತಿ, ಕೆಳಗೆ ಕಿವಿ ಕೇಳಿಸದ ದೊಡ್ಡ ಹುಡುಗ ಹುಡುಗಿಯರಿಗೆ ಭಾಷೆ ಮತ್ತು ಕಸುಬು ಕಲಿಸುವ ತರಗತಿ. ಪಾಠ ಮಾಡುವ ಮೇಷ್ಟ್ರಿಗೂ ಕಿವಿ ಕೇಳಿಸುತ್ತಿರಲಿಲ್ಲ. ತಲೆಯೆಲ್ಲ ಬೆಳ್ಳಗಾಗಿದ್ದ ಮನುಷ್ಯ. ನಾನು ಮೇಲೆ ಅರ್ಜಿ ಕೇಳುತ್ತಿದ್ದಷ್ಟು ಹೊತ್ತು ಅವರು ಪವಿಯನ್ನು ಎದುರಿಗೆ ಕೂರಿಸಿಕೊಂಡಿದ್ದರು. ಇಳಿದು ಬಂದು ಬಾಗಿಲಲ್ಲೇ ನಿಂತೆ. ಪವಿಯ ಮುಖ ಕೆಂಪಾಗಿತ್ತು. ಅವಳ ಕೈ ಆ ಮೇಷ್ಟ್ರ ಕೈಯನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ನನ್ನನ್ನು ಬಿಟ್ಟು ಇನ್ನೊಬ್ಬರ ಜೊತೆ ಅವಳು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಲ್ಲಿದ್ದ ಮೇಡಂ ಮೇಷ್ಟ್ರ ಮಾತನ್ನು ನನಗೆ ಹೇಳಿದರು. "ಇಬ್ಬರೂ ಬನ್ನಿ ಅಂತಿದಾರೆ. ನಿಮ್ಮ ತಂಗಿ ಕೆಳಗೆ ಕಲೀತಾಳೆ, ನೀವು ಮೇಲೆ ಕಲೀರಿ. ಇವಳು ನಿಮಗಿಂತ ಬೇಗ ಕಲೀತಾಳಂತೆ." ಆಮೇಲೆ ಅವರೇ ದನಿ ತಗ್ಗಿಸಿ, "ಆದ್ರೆ ಒಂದ್ ಮಾತು. ನಮ್ಮ ಮಾನ್ಯತೆ ಈ ಸಲ ಇನ್ನೂ ರಿನ್ಯೂ ಆಗಿ ಬಂದಿಲ್ಲ. ಬರುತ್ತೆ ಅಂತಿದೀವಿ. ಕೆಲಸ ಸಿಕ್ಕೇ ಸಿಗುತ್ತೆ ಅಂತ ನಾನು ಹೇಳಲ್ಲ" ಅಂದರು.

ವಾಪಸ್ ಬರುವಾಗ ರೈಲಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮಳೆ ಬಂದು ಹೊಲದ ಮಣ್ಣೆಲ್ಲ ಕಪ್ಪಗಾಗಿತ್ತು. ಪವಿ ಬಿಡಲಿಲ್ಲ. ಮೇಷ್ಟ್ರು ಹೇಳಿಕೊಟ್ಟಿದ್ದನ್ನೆಲ್ಲ ಒಂದೊಂದಾಗಿ ನನಗೆ ತೋರಿಸಬೇಕು ಅವಳಿಗೆ. ನಾನು ಹೊರಗೆ ನೋಡಿದರೆ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಳ್ಳುವಳು. ದಾಬಸ್‌ಪೇಟೆ ದಾಟಿದ ಮೇಲೂ ಅವಳ ಮಾತು ಮುಗಿದಿರಲಿಲ್ಲ. ಎದುರಿನ ಸೀಟಿನವರು ನಮ್ಮನ್ನೇ ನೋಡುತ್ತಿದ್ದರು. ಆಗ ನನ್ನೊಳಗೆ ಬಂದ ಯೋಚನೆಯನ್ನು ಇದುವರೆಗೆ ಯಾರ ಹತ್ತಿರವೂ ಹೇಳಿಲ್ಲ. ಎರಡು ವರ್ಷ, ಯಾರೂ ಗಲ್ಲ ಹಿಡಿದು ತಿರುಗಿಸದ ಕಡೆ ಇರಬೇಕು ಅನ್ನಿಸಿತು. ನನ್ನ ಪಾಡಿಗೆ ಕಿಟಕಿಯಿಂದಾಚೆ ನೋಡುತ್ತ ಕೂರಬೇಕು ಅನ್ನಿಸಿತು.

ಮೈಸೂರಿನ ಶಾಲೆಗೆ ನಾನೊಬ್ಬಳೇ ಹೋದೆ. ದೊಡ್ಡ ಆವರಣ, ಮರಗಳು, ಹಾಸ್ಟೆಲ್. ಮಾನ್ಯತೆಯ ತೊಂದರೆ ಇಲ್ಲ, ಓದಿದವರಿಗೆಲ್ಲ ಕೆಲಸ. ಸಂದರ್ಶನದಲ್ಲಿ ಕಿವಿ ಕೇಳಿಸದ ಅಧ್ಯಾಪಕರೊಬ್ಬರು ಸನ್ನೆ ಭಾಷೆಯಲ್ಲಿ ಏನೋ ಕೇಳಿದರು. ನನಗೆ ಒಂದು ಅಕ್ಷರ ತಿಳಿಯಲಿಲ್ಲ. ಅವರು ಕೇಳಿದ್ದು ನನ್ನ ಹೆಸರು.

ತಂಗಿಯ ವಿಷಯ ಹೇಳಿದಾಗ ಪಕ್ಕದಲ್ಲಿದ್ದ ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. "ನಿಮಗೆ ಬರೋದು ಮನೆ ಸನ್ನೆ ಕಣಮ್ಮ. ನಿಮಗೂ ನಿಮ್ಮ ತಂಗಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಪರವಾಗಿಲ್ಲ, ಕೈ ಪಳಗಿದೆ, ಕಲೀತೀರ."

"ತಂಗೀನೂ ಕರ್ಕೊಂಡು ಬಂದು ಇಲ್ಲೇ ಇರ್ಬೋದಾ ಮೇಡಂ?"

"ಆ ಅನುಕೂಲ ಇಲ್ಲಿಲ್ಲ."

ಕೇಳಿದೆ ಎಂಬ ಸಮಾಧಾನಕ್ಕೆ ಕೇಳಿದ ಪ್ರಶ್ನೆ ಅದು. ಇಲ್ಲ ಎಂದಾಗ ಎದೆ ಹಗುರವಾಗಿದ್ದು ನನಗೆ ಚೆನ್ನಾಗಿ ನೆನಪಿದೆ.

ಮನೆಯಲ್ಲಿ ಮಾನ್ಯತೆಯ ಕತೆಯನ್ನೇ ಹೇಳಿದೆ. ಅದು ಸುಳ್ಳಲ್ಲ, ಆದ್ದರಿಂದ ಹೇಳುವುದು ಸುಲಭವಾಯಿತು. ಅಪ್ಪ ತಂತಿ ಸುತ್ತುತ್ತಲೇ ಕೇಳಿಸಿಕೊಂಡರು. "ಬೆಂಗ್ಳೂರಾದ್ರೆ ಇಬ್ರೂ ಜೊತೇಲಿ ಇರ್ತಿದ್ರಿ ಅಲ್ವಾ ಮಗ?"

"ಸರ್ಟಿಫಿಕೇಟ್ ನಡೀದಿದ್ರೆ ಎರಡು ವರ್ಷ ದಂಡ ಆಗುತ್ತಪ್ಪ."

"ಸರಿ ಬುಡು. ಓದ್ದೋಳು ನೀನು. ನಿಂಗೆ ತಿಳೀತದೆ."

ತೊಡಕು ಬಂದದ್ದು ಪವಿಯದು. ಅಮ್ಮ ಅಂಗನವಾಡಿಯಲ್ಲಿ ಸಹಾಯಕಿ, ಬೆಳಿಗ್ಗೆ ಹೋದರೆ ಸಂಜೆ. ಅಪ್ಪ ತೋಟಗಳಿಗೆ ಮೋಟಾರ್ ಎತ್ತಲು, ಇಳಿಸಲು ಓಡಾಡುವವರು. ಬೆಳೆದ ಹುಡುಗಿ, ಕೂಗೋಕೂ ಬರದವಳು, ಮನೆಯಲ್ಲಿ ಒಬ್ಬಳೇ ಹೇಗೆ ಎಂದು ಅಮ್ಮ ಊಟ ಬಿಟ್ಟಳು. ಕುಣಿಗಲ್‌ನಲ್ಲಿದ್ದ ನಮ್ಮ ಸೋದರತ್ತೆ ಜಯಮ್ಮ ಬಂದು, "ನಮ್ಮನೇಲಿ ಇರ್ತಾಳೆ ಕಳ್ಸತ್ತಿಗೆ. ನಂಗೂ ಹೆಣ್ಮಕ್ಕಳಿಲ್ಲ. ಮೈಸೂರಿಂದ ಬರೋ ಬಸ್ಸು ನಮ್ಮೂರ್ ಮೇಲೇ ಬತ್ತದೆ, ಶೈಲನೂ ಬಂದೋಗ್ಬೋದು" ಎಂದು ನನ್ನ ಕಡೆ ಕೈ ತೋರಿಸಿದಳು. ಎಲ್ಲರಿಗೂ ಒಪ್ಪಿಗೆಯಾಯಿತು. ಪವಿಯನ್ನು ಕೇಳಿದವರು ಯಾರು? ಕೇಳಬೇಕಾದವಳು ನಾನು. ನಾನು ಕೇಳಲಿಲ್ಲ, ತಿಳಿಸಿದೆ. ಅವಳು ರೈಲು ಓಡುವ ಹಾಗೆ ಕೈ ಮಾಡಿ, ಬೆಳ್ಳಗಿನ ತಲೆ ಎಂದು ತನ್ನ ಕೂದಲು ಮುಟ್ಟಿ ತೋರಿಸಿದಳು. ಅಲ್ಲಿಗೆ ಹೋಗುವುದಿಲ್ಲವೇ ಎಂದು. ಆ ಶಾಲೆ ಮುಚ್ಚುತ್ತಾರೆ ಎಂದು ಹೇಳಿದೆ. ಆಗಿನ್ನೂ ಅದು ಸುಳ್ಳು.

ಆಗಸ್ಟಿನಲ್ಲಿ ಅವಳನ್ನು ಕುಣಿಗಲ್‌ಗೆ ಬಿಟ್ಟೆ. ಆ ವರ್ಷ ಮಳೆ ಜೋರು. ಕೆರೆ ತುಂಬಿ ಕೋಡಿ ಬಿದ್ದಿತ್ತು, ನೋಡಲು ಜನ ಜಾತ್ರೆಯಂತೆ ಸೇರಿದ್ದರು. ಅತ್ತೆ, ನಾನು, ಪವಿ ಮೂವರೂ ಏರಿಯ ಮೇಲೆ ನಿಂತು ನೋಡಿದೆವು. ಆಮೇಲೆ ನಾನು ಬಸ್ಸು ಹತ್ತಿದೆ. ಕಿಟಕಿ ಪಕ್ಕವೇ ಕೂತೆ.

ಮೈಸೂರಿನಲ್ಲಿ ನಾನು ಸುಖವಾಗಿದ್ದೆ. ಇದನ್ನು ಮುಚ್ಚಿಟ್ಟರೆ ಮಿಕ್ಕ ಕತೆ ಹೇಳಿ ಪ್ರಯೋಜನವಿಲ್ಲ. ಭಾಷೆ ಬೆರಳಿಗೆ ಹತ್ತಿತು. ಕನಸಿನಲ್ಲೂ ಕೈಯಾಡತೊಡಗಿತು. ಮೊದಲ ವಾರವೇ ಹೇಳಿಕೊಟ್ಟಿದ್ದರು, ಕೈಯನ್ನಷ್ಟೇ ನೋಡಬೇಡಿ, ಅರ್ಧ ಅರ್ಥ ಮುಖದಲ್ಲಿರುತ್ತದೆ ಎಂದು. ಪರೀಕ್ಷೆಯಲ್ಲಿ ಅದನ್ನು ಬರೆದು ಒಳ್ಳೆಯ ಅಂಕ ತೆಗೆದುಕೊಂಡೆ. ದಸರೆಯ ರಜೆಯಲ್ಲಿ ಕುಣಿಗಲ್‌ಗೆ ಹೋದಾಗ ಪವಿ ಬಾಗಿಲಿಂದಲೇ ಓಡಿಬಂದು ನನ್ನ ಎರಡೂ ಕೈ ಹಿಡಿದಳು. ಎರಡು ತಿಂಗಳ ಮಾತು ಒಂದೇ ಉಸಿರಿಗೆ ಬಂತು. ನಾನು ಹೊಸ ಸನ್ನೆಗಳಲ್ಲಿ ಉತ್ತರ ಕೊಟ್ಟೆ. ಕಲಿಸೋಣ ಎಂದುಕೊಂಡೇ ಕೊಟ್ಟೆ. ಅವಳು ನನ್ನ ಕೈಯನ್ನು ನೋಡಿ, ನನ್ನ ಮುಖ ನೋಡಿ, ಎತ್ತಿದ್ದ ಕೈಯನ್ನು ಮಡಿಲಿಗೆ ಇಳಿಸಿದಳು. ಇದ್ದ ಎರಡು ದಿನದಲ್ಲಿ ಎಷ್ಟು ಕಲಿಸಲು ಆಗುತ್ತದೆ?

ಅತ್ತೆ ಕೆಟ್ಟವಳಲ್ಲ. ತಲೆಗೆ ಎಣ್ಣೆ ಹಚ್ಚುವಳು, ಬಳೆ ತೊಡಿಸುವಳು. ಆದರೆ ಅವಳಿಗೆ ಪವಿಯ ಒಂದು ಮಾತೂ ತಿಳಿಯದು. "ಏನೋ ಕೈಬಾಯಿ ಮಾಡ್ತಾಳೆ, ನಾನು ಹೂಂ ಅಂತೀನಿ" ಎಂದು ನಗುತ್ತ ಹೇಳಿದಳು. ನಾನೂ ನಕ್ಕೆ.

ಪ್ರತಿ ಭಾನುವಾರ ಸಂಜೆ ವಿಡಿಯೊ ಕಾಲ್ ಮಾಡುತ್ತಿದ್ದೆವು. ನವೆಂಬರ್ ಕಳೆಯುವಷ್ಟರಲ್ಲಿ ಅದೂ ಹದಿನೈದು ದಿನಕ್ಕೊಮ್ಮೆ ಆಯಿತು. ಡಿಸೆಂಬರಿನ ಚಳಿಯಲ್ಲಿ, ಸೆಮಿಸ್ಟರ್ ಪರೀಕ್ಷೆಗೆ ವಾರವಿದೆ ಎನ್ನುವಾಗ, ಒಂದು ಭಾನುವಾರ ಅತ್ತೆಯೇ ಕರೆ ಮಾಡಿದಳು. ಪವಿ ನಿನ್ನೆಯಿಂದ ಫೋನು ತೋರಿಸಿ ತೋರಿಸಿ ಕಾಟ ಕೊಡುತ್ತಿದ್ದಾಳೆ ಎಂದಳು. ಮಹಡಿಯ ಮೇಲೆ ನಿಂತಿದ್ದರು. ಪವಿಯ ಹಿಂದೆ ತಂತಿಯ ತುಂಬ ಒದ್ದೆ ಬಟ್ಟೆ. ಸಿಗ್ನಲ್ ಸರಿಯಿಲ್ಲದೆ ಚಿತ್ರ ಒಡೆದು ಒಡೆದು ಬರುತ್ತಿತ್ತು. ಪವಿ ಎರಡು ಮುಷ್ಟಿ ಹಿಡಿದು, ಹಿಂಡಿದಳು. ಮತ್ತೆ ಹಿಂಡಿದಳು. ನನಗೆ ಕಂಡದ್ದು ಹಿಂದಿನ ಬಟ್ಟೆ. ಇವಳ ಕೈಯಲ್ಲಿ ಇಡೀ ಮನೆಯ ಬಟ್ಟೆ ಒಗೆಸುತ್ತಿದ್ದಾರೆ ಅನ್ನಿಸಿ ಸಿಟ್ಟು ಬಂತು.

"ಅತ್ತೆ, ಅವಳ ಕೈಲಿ ಜಾಸ್ತಿ ಬಟ್ಟೆ ಒಗೆಸ್ಬೇಡಿ."

ಅತ್ತೆಯ ಮುಖ ಫೋನಿಗೆ ಬಂತು. "ಏನಂದೆ? ನಿನ್ ತಂಗೀನ ನಾನು ಆಳು ಮಾಡ್ಕೊಂಡಿದೀನೇನೆ? ಮನೇಲಿ ವಾಷಿಂಗ್ ಮಿಷನ್ ಐತೆ ಕಣೇ! ಅವ್ಳು ಒಂದು ಬಟ್ಟೆ ಮುಟ್ಟಿಲ್ಲ."

ನನಗೆ ನಾಚಿಕೆಯಾಯಿತು. ಎಂಥ ಮಾತು ಆಡಿಬಿಟ್ಟೆ ಎಂಬ ನಾಚಿಕೆಯಲ್ಲಿ, ಹಾಗಾದರೆ ಪವಿ ಹೇಳಿದ್ದೇನು ಎಂದು ಕೇಳಬೇಕೆಂಬುದೇ ಹೊಳೆಯಲಿಲ್ಲ. ಎರಡು ವಾರ ತಡಿ, ಬರುತ್ತೇನೆ ಎಂದು ಪವಿಗೆ ಸನ್ನೆ ಮಾಡಿದೆ. ವಾರ ಎನ್ನುವುದಕ್ಕೆ ಶಾಲೆಯಲ್ಲಿ ಕಲಿತ ಸನ್ನೆ. ಅವಳು ನೋಡುತ್ತಲೇ ಇದ್ದಳು. ಫೋನ್ ಇಟ್ಟೆ. ಅತ್ತೆ ಬೇಸರದಲ್ಲಿದ್ದಳು, ಮತ್ತೆ ಮಾಡಲಿಲ್ಲ. ನಾನೂ ಮಾಡಲಿಲ್ಲ.

ನಾವು ಚಿಕ್ಕವರಿದ್ದಾಗ ಅಮ್ಮ ಹೊಟ್ಟೆ ನೋವು ಬಂದರೆ "ಹೊಟ್ಟೆ ಹಿಂಡ್ತದೆ" ಎನ್ನುತ್ತಿದ್ದಳು. ಹಿಂಡುವುದು ಎಂದರೆ ಹೇಗೆ ಎಂದು ಬಟ್ಟೆ ಹಿಂಡಿ ಪವಿಗೆ ತೋರಿಸಿದವಳು ನಾನೇ. ಅಂದಿನಿಂದ ಮುಷ್ಟಿ ಹಿಂಡಿದರೆ ನಮ್ಮಿಬ್ಬರಲ್ಲಿ ಹೊಟ್ಟೆ ನೋವು. ಬಟ್ಟೆ ಹಿಂಡುವುದಕ್ಕೂ ಅದೇ ಕೈ, ಮುಖ ನೋಡಿದರೆ ಯಾವುದೆಂದು ತಿಳಿಯುತ್ತಿತ್ತು. ಇದು ನನಗೆ ನೆನಪಾದದ್ದು ಬುಧವಾರ ಸಂಜೆ, ಅಪ್ಪ ಫೋನ್ ಮಾಡಿ, "ಪವೀನ ತುಮಕೂರ್ ಆಸ್ಪತ್ರೆಗೆ ಹಾಕಿದೀವಿ ಮಗ. ಅಪೆಂಡಿಕ್ಸ್ ಒಡ್ದೋಗೈತಂತೆ. ಆಪರೇಷನ್‌ಗೆ ಒಳಗೆ ಕರ್ಕೊಂಡೋದ್ರು" ಎಂದಾಗ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ವಾರ್ಡಿನಲ್ಲಿ ಅಪ್ಪ, ಅಮ್ಮ, ಗೋಡೆಗೆ ಒರಗಿ ಅತ್ತೆ. ಅತ್ತೆ ನನ್ನ ಕಂಡು ಅಳುತ್ತ, "ಹಟ ಮಾಡ್ತಾವ್ಳೆ ಅನ್ಕೊಂಡೆ ಕಣೇ. ಉಣ್ಲಿಲ್ಲ, ಮಲಗಿದ್ಳು. ನಿನ್ ನೆನುಸ್ಕೊಂಡು ಹಂಗಾಡ್ತಾವ್ಳೆ ಅನ್ಕೊಂಡೆ" ಎಂದಳು. ಪವಿ ಕಣ್ಣು ಬಿಟ್ಟಿದ್ದಳು. ಮೂಗಿನಲ್ಲಿ ನಳಿಕೆ, ತುಟಿ ಒಣಗಿ ಸೀಳಿತ್ತು. ರೌಂಡ್ಸ್‌ಗೆ ಬಂದ ಡಾಕ್ಟರು, ನಾನು ಅಕ್ಕ, ಅವಳ ಮಾತು ಬಲ್ಲವಳು ಎಂದು ತಿಳಿದು, "ಒಳ್ಳೇದಾಯ್ತು. ನೋವು ಎಷ್ಟು ದಿನದಿಂದ ಇತ್ತು, ಕೇಳಿ" ಎಂದರು.

ನಮ್ಮ ಹಳೇ ಕೈಯಲ್ಲಿ ಕೇಳಿದೆ. ಪವಿ ಸೂಜಿ ಚುಚ್ಚದ ಕೈಯೆತ್ತಿ ಐದು ಬೆರಳು ತೋರಿಸಿದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ನನ್ನ ಕಡೆ ಬೆರಳು ಮಾಡಿದಳು. ಅಂಗೈಯನ್ನು ಮುಖದ ಮುಂದೆ ಫೋನಿನಂತೆ ಹಿಡಿದಳು. ಮುಷ್ಟಿ ಮಾಡಿ ಒಮ್ಮೆ ಹಿಂಡಿದಳು. ಮತ್ತೆ ನನ್ನ ಕಡೆ ಬೆರಳು. ನಿನಗೆ ಹೇಳಿದ್ದೆನಲ್ಲ.

"ಏನಂತಾಳೆ?" ಡಾಕ್ಟರು ಕೇಳಿದರು. ಅಪ್ಪ, ಅಮ್ಮ, ಅತ್ತೆ ಎಲ್ಲ ನನ್ನ ಬಾಯಿ ನೋಡುತ್ತಿದ್ದರು.

"ಐದು ದಿನ ಅಂತಾಳೆ ಸಾರ್."

ಪವಿ ನನ್ನ ತುಟಿಯನ್ನು ನೋಡುತ್ತಿದ್ದಳು. ಅವಳಿಗೆ ಕೇಳಿಸುವುದಿಲ್ಲ, ಆದರೆ ಮಾತು ಎಷ್ಟು ಉದ್ದವಿತ್ತು ಎಂದು ಕಾಣುತ್ತದೆ. ತಾನು ಅಷ್ಟು ಹೇಳಿದ್ದಕ್ಕೆ ನಾನು ಹೇಳಿದ್ದು ಇಷ್ಟೇ ಎಂದು ಅವಳಿಗೆ ಗೊತ್ತಾಯಿತು. ಡಾಕ್ಟರು ಅತ್ತೆಯ ಕಡೆ ತಿರುಗಿ, "ಐದು ದಿನ ಏನ್ ಮಾಡ್ತಿದ್ರಮ್ಮ ನೀವು?" ಎಂದು ಗದರಿದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಪವಿ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು.

ಕೀವು ಒಳಗೆಲ್ಲ ಹರಡಿತ್ತು. ಇನ್ನೊಂದು ಆಪರೇಷನ್ ಆಯಿತು. ಸಂಕ್ರಾಂತಿ ಆಸ್ಪತ್ರೆಯಲ್ಲೇ ಕಳೆಯಿತು. ಬದುಕಿ ಬಂದಳು. ಗುಬ್ಬಿಗೆ ಕರೆತಂದ ಮೇಲೆ ಅಮ್ಮ ಅಂಗನವಾಡಿ ಕೆಲಸ ಬಿಟ್ಟಳು. ನಾನೂ ಓದು ಬಿಡುತ್ತೇನೆ ಎಂದೆ. "ಬುಟ್ಟು ಏನ್ ಮಾಡ್ತೀಯ?" ಎಂದಳು ಅಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹಿಂತಿರುಗಿ ಹೋಗಿ ಕೋರ್ಸ್ ಮುಗಿಸಿದೆ. ತರಗತಿಗೆ ಮೊದಲಿಗಳಾಗಿ ಮುಗಿಸಿದೆ.

ಅಂದಿನಿಂದ ಪವಿ ನನ್ನೊಡನೆ ಮಾತಾಡಿಲ್ಲ. ಅಮ್ಮನಿಗೆ ಉಪ್ಪು, ನೀರು ಎಂದು ತೋರಿಸುತ್ತಾಳೆ. ಅಪ್ಪನ ಜೊತೆ ಕೂತು ಕಾಯಿಲ್ ಸುತ್ತುತ್ತಾಳೆ. ನಾನು ಕೈಯೆತ್ತಿದರೆ ಕಣ್ಣು ಕೆಳಗೆ. ಕಿವಿ ಕೇಳಿಸದವರು ಮಾತು ಬೇಡವೆಂದರೆ ಕಣ್ಣು ತಗ್ಗಿಸಿದರೆ ಸಾಕು, ಆಮೇಲೆ ಎಷ್ಟು ಕೂಗಿದರೂ ತಲುಪುವುದಿಲ್ಲ. ಮರುವರ್ಷ ಬೇಸಿಗೆಯಲ್ಲಿ ಬೆಂಗಳೂರಿನ ಆ ಶಾಲೆಗೆ ಹೋದೆ. ಆ ಮೇಷ್ಟ್ರನ್ನು ಕಂಡು ಕಾಲು ಹಿಡಿದಾದರೂ ಗುಬ್ಬಿಗೆ ಕರೆತರೋಣವೆಂದು. ಕಟ್ಟಡಕ್ಕೆ ಹೊಸ ಬಣ್ಣ ಬಳಿದಿತ್ತು, ಪಿ.ಜಿ. ಎಂದು ಬೋರ್ಡಿತ್ತು. ಮಾನ್ಯತೆ ಬರಲಿಲ್ಲ, ಮುಚ್ಚಿದರು ಎಂದು ಎದುರಿನ ಅಂಗಡಿಯವನು ಹೇಳಿದ. ಮೇಷ್ಟ್ರು ಯಾವ ಊರಿಗೆ ಹೋದರೆಂದು ಯಾರಿಗೂ ಗೊತ್ತಿಲ್ಲ. ಅಂದರೆ ನಾನು ಲೆಕ್ಕ ಹಾಕಿದ್ದು ಸರಿಯಾಗಿಯೇ ಇತ್ತು. ಅಲ್ಲಿ ಸೇರಿದ್ದರೆ ನನಗೆ ಈ ಕೆಲಸ ಸಿಗುತ್ತಿರಲಿಲ್ಲ. ಪವಿಗೆ ಒಂದು ವರ್ಷದ ಭಾಷೆ ಸಿಗುತ್ತಿತ್ತು, ಅಷ್ಟೆ.

ಹೋದ ತಿಂಗಳು ಆ ದಿನ, ಈಗ ನಾನಿರುವ ಬೆಂಗಳೂರಿಗೆ ಹಿಂತಿರುಗಬೇಕಾಗಿದ್ದವಳು ಶಿರಾ ಗೇಟಿನಿಂದ ಗುಬ್ಬಿಯ ಬಸ್ಸು ಹತ್ತಿದೆ. ಮನೆಗೆ ಹೋದಾಗ ಅಪ್ಪ ಅಮ್ಮ ಇರಲಿಲ್ಲ. ಪವಿ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. ಎದುರಿಗೆ ಕೂತೆ. ಅವಳು ಯಾವುದೋ ಧ್ಯಾನದಲ್ಲಿ ತಲೆಯೆತ್ತಿದಳು, ಒಂದು ಗಳಿಗೆ ಕಣ್ಣು ತಗ್ಗಿಸಲಿಲ್ಲ.

ಕ್ಷಮಿಸು ಎನ್ನಬೇಕಿತ್ತು. ನನಗೆ ಗೊತ್ತಿರುವ ಸನ್ನೆ ಶಾಲೆಯದು, ಅವಳಿಗೆ ತಿಳಿಯದು. ನಮ್ಮಿಬ್ಬರ ಕೈಯಲ್ಲಿ ಆ ಮಾತೇ ಇರಲಿಲ್ಲ. ಚಿಕ್ಕವರಿದ್ದಾಗ ಹೊಡೆದಾಡಿಕೊಂಡು, ಮರುಗಳಿಗೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು. ಬೇಕಾಗಿಯೇ ಇರಲಿಲ್ಲ. ಬೇರೇನೂ ತೋಚದೆ ಅವಳಿಗೆ ಕೈ ಮುಗಿದೆ.

ಪವಿ ಹಿಂತಿರುಗಿ ನೋಡಿದಳು. ಅವಳ ಹಿಂದೆ ಗೋಡೆಯ ಮೇಲೆ ದೇವರ ಪಟವಿತ್ತು. ಸೆರಗಿಗೆ ಕೈ ಒರೆಸಿಕೊಂಡು ಅವಳೂ ಪಟಕ್ಕೊಂದು ಕೈ ಮುಗಿದಳು. ಆಮೇಲೆ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು ಕಾಯಿ ಬಿಡಿಸತೊಡಗಿದಳು.